ಊರಲ್ಲಿ ಕಾಣದ ಹಕ್ಕಿ ಹಂಗೇರಿಯಲ್ಲಿ ನೆನಪಾಯ್ತು

ಪ್ರಾಜೆಕ್ಟ್ ಕೆಲಸಕ್ಕೆಂದು ಮೂರು ತಿಂಗಳು ಬುಡಾಪೆಸ್ಟ್‌ನಲ್ಲಿದ್ದೆ. ಏಪ್ರಿಲ್‌ನ ಒಂದು ಶನಿವಾರ ಟೀಮ್‌ನ ಗೆಳೆಯನೊಬ್ಬ, 'ನಾಳೆ ಬೆಳಗಿನ ಜಾವ ನಾಲ್ಕಕ್ಕೆ ರೆಡಿ ಇರು, ಹಕ್ಕಿ ತೋರಿಸ್ತೀನಿ' ಅಂದ. ಭಾನುವಾರ ನಾಲ್ಕು ಗಂಟೆಗಾ? ಮನಸ್ಸಲ್ಲೇ ಬೈದುಕೊಂಡು ಕಾರು ಹತ್ತಿದೆ.

ದಕ್ಷಿಣಕ್ಕೆ ಹೆಚ್ಚುಕಮ್ಮಿ ಒಂದು ಗಂಟೆಯ ದಾರಿ. ಕಿಶ್ಕುನ್‌ಶಾಗ್ ರಾಷ್ಟ್ರೀಯ ಉದ್ಯಾನ, 1975ರಿಂದ ರಕ್ಷಿತ ಪ್ರದೇಶ. ಉದ್ಯಾನ ಅಂದರೆ ಕಾಡು ಅಂದುಕೊಂಡಿದ್ದೆ. ನೋಡಿದರೆ ಬರೀ ಹುಲ್ಲು, ಚಪ್ಪಟೆ ನೆಲ, ಅಲ್ಲಲ್ಲಿ ಉಪ್ಪಿನ ಬಿಳುಪು. ಅಲ್ಲಿಯವರು 'ಪುಸ್ತಾ' ಅಂತಾರೆ. ನನಗೆ ಸಿರುಗುಪ್ಪ ಕಡೆಯ ನಮ್ಮ ಎರೆ ಹೊಲಗಳೇ ಕಂಡಂಗಾಯ್ತು.

ಹುಲ್ಲಿನೊಳಗೆ ಇಳಿಯುವಂತಿಲ್ಲ. ರಸ್ತೆ ಪಕ್ಕದ ಮರದ ಗೋಪುರ ಹತ್ತಿ ನಿಂತೆವು. ವಿಪರೀತ ಚಳಿ. ದೂರದಲ್ಲಿ ಕುರಿ ಮೇಯ್ತಿವೆ ಅಂದೆ. ಗೆಳೆಯ ನಕ್ಕು ಬೈನಾಕ್ಯುಲರ್ ಕೊಟ್ಟ. ಕುರಿಯಲ್ಲ, ಹಕ್ಕಿ! 15 ಕಿಲೋ ತೂಗುವ ಗಂಡೂ ಇರುತ್ತವಂತೆ. ಹಂಗೇರಿಯನ್ನರ 'ತೂಝೊಕ್', ಗ್ರೇಟ್ ಬಸ್ಟರ್ಡ್. ಒಂದು ಗಂಡು ಬಾಲವನ್ನು ಬೆನ್ನ ಮೇಲೆ ಮಗುಚಿ, ಕತ್ತು ಉಬ್ಬಿಸಿ, ರೆಕ್ಕೆ ತಿರುಚಿತು ನೋಡಿ, ಕಂದು ಹಕ್ಕಿ ಒಡೆದ ಹತ್ತಿಕಾಯಿಯ ಹಾಗೆ ಪೂರ್ತಿ ಬೆಳ್ಳಗಾಯ್ತು.

ಆಗ ಅಜ್ಜ ನೆನಪಾದ. 'ಎರೆಭೂತ ಕೂಗಿದ್ರ ಮೂರು ಹೊಲದಾಚೆ ಕೇಳ್ತಿತ್ತು' ಅಂತಿದ್ದ. ಎರೆಭೂತ, ಎರ್ಲಡ್ಡು ಎಲ್ಲಾ ಒಂದೇ, ಗ್ರೇಟ್ ಇಂಡಿಯನ್ ಬಸ್ಟರ್ಡ್. ಇದರ ಹತ್ತಿರದ ನೆಂಟ. ದೇಶದಲ್ಲಿ ಇನ್ನೂರೂ ಉಳಿದಿಲ್ಲ. ಕರ್ನಾಟಕದಲ್ಲಿ ಬೆರಳೆಣಿಕೆಯಷ್ಟು, ಅದೂ ಸಿರುಗುಪ್ಪ ಸುತ್ತಮುತ್ತ. ಸಾಮಾನ್ಯವಾಗಿ ಬರಿ ನೆಲದ ಮೇಲೆ ಒಂದೇ ಮೊಟ್ಟೆ. ಅಲ್ಲೇ ಬೆಳೆದ ನಾನು ಒಮ್ಮೆಯೂ ನೋಡಿಲ್ಲ. ಹೇಳಿಕೊಳ್ಳೋಕೆ ನಾಚಿಕೆ.

ವಾಪಸ್ ಬರುವಾಗ ಗೆಳೆಯ ಹೇಳಿದ್ದು ತಲೆಯಲ್ಲೇ ಕೂತಿತು. ಇವುಗಳ ಕಣ್ಣು ತಲೆಯ ಪಕ್ಕಕ್ಕಿವೆ, ಎದುರಿನದು ಸರಿಯಾಗಿ ಕಾಣಲ್ಲ. ಮೈಭಾರ, ಥಟ್ಟನೆ ತಿರುಗೋಕಾಗಲ್ಲ. ಕರೆಂಟ್ ತಂತಿಗೆ ಬಡಿದು ಸಾಯುತ್ತವೆ. ಅದಕ್ಕೇ ಕೆಲವು ಕಡೆ ಲೈನ್‌ಗಳನ್ನು ನೆಲದೊಳಗೆ ಹಾಕಿದ್ದಾರೆ.

ನಮ್ಮೂರ ಹೊಲವನ್ನು ಸೋಲಾರ್ ಕಂಪನಿಯೊಂದು ಲೀಸ್‌ಗೆ ಕೇಳಿದೆ. ಮಳೆ ನಂಬಿ ಬೆಳೆಯೋ ಜೋಳಕ್ಕಿಂತ ಬಾಡಿಗೆ ಎಷ್ಟೋ ಜಾಸ್ತಿ ಅಂತ ಎಕ್ಸೆಲ್ ಶೀಟ್ ಮಾಡಿಕೊಟ್ಟವನು ನಾನೇ. ಸೋಲಾರ್ ಬೇಡ ಅನ್ನೋ ಬುದ್ಧಿವಂತ ನಾನಲ್ಲ, ಅಪ್ಪನ ಬ್ಯಾಂಕ್ ಸಾಲವೂ ಗೊತ್ತು.

ರಾತ್ರಿ ಫೋನ್ ಮಾಡಿ, 'ಅಪ್ಪಾ, ಲೈನ್ ಯಾವ ಕಡಿಂದ ಹೋಗ್ತದ ಅಂತ ಕೇಳಿದ್ಯಾ?' ಅಂದೆ.

'ಇಲ್ಲ. ಯಾಕ?'

ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

'ನಿಮ್ಮಜ್ಜ ಹೇಳ್ತಿದ್ದ ಜಾಗ ನಮ್ಮ ಹೊಲದ ಬಗಲಾಗೇ ಐತಿ' ಅಂದ. 'ಮ್ಯಾಪ್ ತರಿಸ್ತೀನಿ. ನೀ ಬರೂತನಕ ಸಹಿ ಹಾಕಂಗಿಲ್ಲ.'

ಮುಂದಿನ ವಾರ ಊರಿಗೆ ಹೊರಟಿದ್ದೇನೆ. ಮ್ಯಾಪ್ ಇನ್ನೂ ಬಂದಿಲ್ಲ.