ಉಪಶಯವು ಮರೆಸಿದ ವ್ಯಾಧಿ

ರೋಗವನ್ನು ಅರಿಯುವುದಕ್ಕೆ ನಮ್ಮ ಆಯುರ್ವೇದಾಚಾರ್ಯರು ಐದು ಸಾಧನಗಳನ್ನು ಹೇಳಿರುವರು: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಇವುಗಳಲ್ಲಿ ಉಪಶಯವೆಂಬುದು ಬಹು ಜಾಣತನದ ಉಪಾಯ. ಲಕ್ಷಣಗಳು ಅಡಗಿರುವ ವ್ಯಾಧಿಗೆ ಔಷಧವನ್ನೋ ಪಥ್ಯವನ್ನೋ ಕೊಟ್ಟುನೋಡಿ, ಯಾವುದರಿಂದ ಶಮನವಾಯಿತೆಂಬುದರ ಮೇಲೆ ರೋಗವನ್ನು ಊಹಿಸುವುದೇ ಅದರ ಕ್ರಮ. ಬಯಲುಸೀಮೆಯ ಒಂದು ತಾಲ್ಲೂಕು ಪಟ್ಟಣದಲ್ಲಿ, ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಒಳ್ಳೆಯ ಪರಿಚಯವಿದ್ದ ನಿವೃತ್ತ ಗುಮಾಸ್ತರೊಬ್ಬರನ್ನು ಎಂಟು ವರ್ಷಗಳ ಕಾಲ ದಾರಿ ತಪ್ಪಿಸಿದ್ದು ಈ ಜಾಣತನವೇ.

2011ರ ಚಳಿಗಾಲದಲ್ಲಿ ಅವರ ಸೊಂಟದ ಎಡಗಡೆ ಅಂಗೈಯಗಲದ ಕೆಂಪು ಕಲೆಯೊಂದು ಮೂಡಿತು. ಅಲ್ಪಸ್ವಲ್ಪ ತುರಿಕೆ, ಮೇಲೆ ತೆಳುವಾದ ಹೊಟ್ಟು, ಇಷ್ಟೇ. ಒಬ್ಬರು ಹುಳುಕಡ್ಡಿಯೆಂದರು, ಮತ್ತೊಬ್ಬರು ಇಸಬೆಂದರು, ಮೂರನೆಯವರು ಸೋರಿಯಾಸಿಸ್ ಎಂದರು. ಮೂವರೂ ಕೊಟ್ಟ ಮುಲಾಮುಗಳಲ್ಲಿ ಸ್ಟೀರಾಯ್ಡ್ ಇದ್ದಿತು. ಹಚ್ಚಿದ ಹತ್ತು ದಿನಕ್ಕೆ ಕಲೆ ಮಾಸುವುದು, ಬಿಟ್ಟ ತಿಂಗಳಿಗೆ ಮರಳಿ ಮೂಡುವುದು. ಶಮನವಾಗುತ್ತಿರುವುದರಿಂದ ಇದು ಇಸಬೇ ಸರಿಯೆಂದು ಅವರು ಗ್ರಂಥಾಧಾರದಿಂದ ತೀರ್ಮಾನಿಸಿಕೊಂಡು, ಔಷಧದಂಗಡಿಯಿಂದ ತಾವೇ ಮುಲಾಮನ್ನು ತರಿಸಿಕೊಳ್ಳತೊಡಗಿದರು. ಕಾಲಕ್ರಮದಲ್ಲಿ ತೊಡೆಯ ಮೇಲೆ ಎರಡು, ಪೃಷ್ಠದಲ್ಲಿ ಮೂರು, ಹೀಗೆ ಕಲೆಗಳು ಹನ್ನೊಂದಾದವು. ಎಲ್ಲವೂ ಪಂಚೆಯ ಮರೆಯಲ್ಲಿದ್ದುವಾದ್ದರಿಂದ ಕುಷ್ಠವೆಂಬ ಜನಾಪವಾದಕ್ಕೆ ಎಡೆಯಿಲ್ಲವೆಂಬುದೇ ಅವರಿಗೊಂದು ಸಮಾಧಾನ.

ಈ ತರ್ಕದಲ್ಲಿದ್ದ ಬಿರುಕನ್ನು ಕಂಡುಹಿಡಿದವರು ಅವರ ಪತ್ನಿ. “ಮುಲಾಮು ಹಚ್ಚಿದರೆ ಮಾಯುತ್ತದೆ ಅಂತೀರಿ, ನಿಜ. ಆದರೆ ಎಂಟು ವರ್ಷದಿಂದ ಅದೇ ಜಾಗದಲ್ಲೇ ಮಾಯುತ್ತಾ ಇದೆಯಲ್ಲ! ಒಂದು ಸಲ ಜಿಲ್ಲೆಯ ಆಸ್ಪತ್ರೆಗೆ ಹೋಗಿಬನ್ನಿ,” ಎಂದು 2019ರಲ್ಲಿ ಆಕೆ ಹಟಹಿಡಿದರು. ಶಾಸ್ತ್ರವನ್ನೋದದ ಆಕೆಯ ಈ ಒಂದು ಮಾತಿನಲ್ಲಿ ಉಪಶಯಕ್ಕೆ ಬೇಕಾದ ವಾರ್ತಿಕವೇ ಅಡಗಿತ್ತೆನ್ನಬೇಕು.

ಅಲ್ಲಿಯ ಚರ್ಮವೈದ್ಯೆಯು ಕಲೆಗಳಿಗಿಂತ ಮೊದಲು ಅವು ಇದ್ದ ಸ್ಥಳವನ್ನು ಗಮನಿಸಿದರು. ಬಿಸಿಲು ಕಾಣದ ಅಂಗಗಳಲ್ಲೇ ಎಲ್ಲವೂ ನೆಲೆಸಿವೆ. ಒಂದರ ಆಕಾರ ಇನ್ನೊಂದಕ್ಕಿಲ್ಲ. ಕೆಲವೆಡೆ ಚರ್ಮವು ತೆಳುಗಾಗದದಂತೆ ಸಣ್ಣಗೆ ಸುಕ್ಕುಗಟ್ಟಿದೆ. ಮುಲಾಮನ್ನು ನಾಲ್ಕು ವಾರ ನಿಲ್ಲಿಸಿ ಬರಹೇಳಿ, ಅನಂತರ ಎರಡು ಕಡೆಗಳಿಂದ ಚರ್ಮದ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳುಹಿಸಿದರು. ‘ಹಳೆಯ ಉರಿಯೂತ’ ಎಂಬ ಉತ್ತರ ಬಂದಿತು. ಗುಮಾಸ್ತರು ಗೆದ್ದೆನೆಂದುಕೊಂಡರು. ವೈದ್ಯೆಯು ಒಪ್ಪದೆ ಆರು ತಿಂಗಳ ಬಳಿಕ ಮತ್ತೆ ತೆಗೆದರು. ಈ ಸಲ ಲಿಂಫೋಸೈಟ್ ಎಂಬ ಬಿಳಿಯ ರಕ್ತಕಣಗಳು ಹೊರಚರ್ಮದ ತಳದಲ್ಲಿ ಸಾಲುಗಟ್ಟಿ ನಿಂತು ಒಳನುಗ್ಗಿದ್ದುದು ಕಂಡಿತು. ಅವೆಲ್ಲವೂ ಒಂದೇ ಕಣದ ಸಂತತಿಯೆಂಬುದನ್ನು ವಂಶವಾಹಿಯ ಪರೀಕ್ಷೆಯು ತೋರಿಸಿತು.

ಆ ವ್ಯಾಧಿಯು ಚರ್ಮದ ಲಿಂಫೋಮಾ. ಅದರಲ್ಲಿಯೂ ಮೈಕೋಸಿಸ್ ಫಂಗಾಯ್ಡಿಸ್ ಎಂಬ ಪ್ರಭೇದ. ಹೆಸರೇ ಒಂದು ಭ್ರಾಂತಿ. ಪ್ಯಾರಿಸ್ಸಿನ ಸೇಂಟ್ ಲೂಯಿ ಆಸ್ಪತ್ರೆಯ ಅಲಿಬೇರ್ ಎಂಬ ವೈದ್ಯನು 1806ರಲ್ಲಿ ಇದನ್ನು ಮೊದಲು ವರ್ಣಿಸಿದನು. ರೋಗಿಯ ಮೈಮೇಲಿನ ಗಡ್ಡೆಗಳು ಅಣಬೆಯಂತೆ ಕಂಡುದರಿಂದ ಅವನು ಮುಂದೆ ಈ ಹೆಸರಿಟ್ಟನೇ ಹೊರತು ಇದಕ್ಕೂ ಶಿಲೀಂಧ್ರಕ್ಕೂ ಯಾವ ಸಂಬಂಧವೂ ಇಲ್ಲ. ಕಲೆ, ದಪ್ಪನಾದ ದಡಿಕೆ, ಗಡ್ಡೆ ಎಂಬ ಮೂರು ಅವಸ್ಥೆಗಳನ್ನು ಬಾಜ಼ಾನನು 1870ರಲ್ಲಿ ವಿಂಗಡಿಸಿದನು. ಹಲವರಲ್ಲಿ ಇದು ಮೊದಲನೆಯ ಅವಸ್ಥೆಯನ್ನು ದಾಟುವುದೇ ಇಲ್ಲ. ನಮ್ಮಂಥ ಕಪ್ಪುಮೈಯವರಲ್ಲಿ, ಮುಖ್ಯವಾಗಿ ಎಳೆಯರಲ್ಲಿ, ಕಲೆಯು ಕೆಂಪಾಗಿರದೆ ಬಿಳಿಚಿಕೊಂಡಿರುವುದೂ ಉಂಟು; ಆಗ ತೊನ್ನೆಂದೋ ಕುಷ್ಠವೆಂದೋ ಮನೆಯವರು ಕಂಗೆಡುವರು. ಕುಷ್ಠದ ಕಲೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕುಂದಿರುತ್ತದೆ, ಇದರಲ್ಲಿ ಹಾಗಿಲ್ಲ.

ಹಾಗಾದರೆ ಮುಲಾಮಿನಿಂದ ಶಮನವಾದುದೇಕೆ? ಸ್ಟೀರಾಯ್ಡು ಲಿಂಫೋಸೈಟುಗಳನ್ನೇ ಅಡಗಿಸತಕ್ಕ ವಸ್ತು. ಇಸಬಿನಲ್ಲಿ ಚರ್ಮಕ್ಕೆ ಬಂದು ಉರಿಯನ್ನೆಬ್ಬಿಸುವ ಕಣಗಳೂ ಅವೇ, ಇಲ್ಲಿ ಕೆಟ್ಟುಹೋಗಿರುವ ಕಣಗಳೂ ಅದೇ ಕುಲದವು. ಔಷಧವು ಕುಲವನ್ನು ನೋಡಿತಲ್ಲದೆ ಶೀಲವನ್ನು ನೋಡಲಿಲ್ಲ. ಮೇಲಾಗಿ, ಅದನ್ನು ಹಚ್ಚುತ್ತಲೇ ಇದ್ದರೆ ಸೂಕ್ಷ್ಮದರ್ಶಕಕ್ಕೂ ಕುರುಹು ಮಾಸುತ್ತದೆ. ನಾಲ್ಕು ವಾರ ನಿಲ್ಲಿಸೆಂದುದು ಅದಕ್ಕಾಗಿಯೇ.

ಅರ್ಬುದವೆಂಬ ಮಾತನ್ನು ಕೇಳಿದೊಡನೆ ಮಗನು ಮಹಾನಗರಕ್ಕೆ ಕರೆದೊಯ್ದು ಉಗ್ರವಾದ ಚಿಕಿತ್ಸೆಯನ್ನೇ ಮಾಡಿಸುವೆನೆಂದು ಹೊರಟನು. ಮೊದಲಿನದು ಸದರದ ತಪ್ಪಾದರೆ ಇದು ಭಯದ ತಪ್ಪು. ಅಮೆರಿಕದಲ್ಲಿ 103 ಮಂದಿ ರೋಗಿಗಳನ್ನು ಎರಡು ಪಂಗಡವಾಗಿ ಮಾಡಿ ನಡೆಸಿದ ಪರೀಕ್ಷೆಯ ಫಲವು 1989ರಲ್ಲಿ ಪ್ರಕಟವಾಯಿತು. ಮೊದಲಿನಿಂದಲೇ ವಿಕಿರಣವನ್ನೂ ತೀಕ್ಷ್ಣೌಷಧಗಳನ್ನೂ ಕೂಡಿಸಿ ಕೊಟ್ಟವರು, ಮೃದುಕ್ರಮದವರಿಗಿಂತ ಹೆಚ್ಚು ಕಾಲವೇನೂ ಬದುಕಲಿಲ್ಲ. ಸಂಕಟವನ್ನು ಮಾತ್ರ ಹೆಚ್ಚಾಗಿ ಅನುಭವಿಸಿದರು. ಮೈಯ ಹತ್ತನೆಯ ಒಂದಂಶಕ್ಕಿಂತ ಕಡಿಮೆ ಭಾಗದಲ್ಲಿ ಬರಿಯ ಕಲೆಗಳುಳ್ಳವರ ಆಯುಸ್ಸು ಸಾಮಾನ್ಯವಾಗಿ ಸಮವಯಸ್ಕರ ಆಯುಸ್ಸಿನಷ್ಟೇ ಇರುವುದು. ಗಡ್ಡೆಗಳೆದ್ದಾಗ, ರಕ್ತಕ್ಕೆ ಹರಡಿದಾಗ ಬೇರೆ ಅಸ್ತ್ರಗಳುಂಟು; ಅವುಗಳ ಸರದಿ ಆಮೇಲೆ.

ಗುಮಾಸ್ತರಿಗೆ ವಿಧಿಸಿದ್ದು ನೇರಳಾತೀತ ಕಿರಣದ ಸ್ನಾನ, ವಾರಕ್ಕೆ ಮೂರು ಸಲ. ಇದರ ಹಿರಿಯಣ್ಣನಂತಿರುವ ಕ್ರಮದಲ್ಲಿ ಸೋರಲೆನ್ ಜಾತಿಯ ಔಷಧವನ್ನು ನುಂಗಿಸಿ ಬೆಳಕಿಗೊಡ್ಡುವರು. 1976ರಲ್ಲಿ ಈ ವ್ಯಾಧಿಗೆ ಅದರ ಪ್ರಯೋಗವು ಪ್ರಕಟವಾಯಿತು. ಅದೇ ಸೋರಲೆನ್ ನಮ್ಮ ಬಾಕುಚಿಯ ಬೀಜದಲ್ಲಿಯೂ ಇದೆ. ತೊನ್ನಿಗೆ ಬಾಕುಚಿಯನ್ನು ಕೊಟ್ಟು ಬಿಸಿಲಿನಲ್ಲಿ ಕೂರಿಸುವ ವಿಧಾನವು ಹಳೆಯದು. ಇದನ್ನು ತಿಳಿದಾಗ ಅವರ ಮುಖದಲ್ಲಿ ಎಂಟು ವರ್ಷಗಳ ಮೇಲೆ ಮೊದಲ ಸಲ ಶಾಸ್ತ್ರಾಭಿಮಾನದ ಕಳೆ ಮೂಡಿತಂತೆ. ಬೀಜವನ್ನು ತಾವೇ ಅರೆದು ಹಚ್ಚಿಕೊಳ್ಳದಂತೆ ಪತ್ನಿಯು ತಡೆದರು. ಚರ್ಮವು ಬೊಬ್ಬೆಯೇಳುವ ಅಪಾಯವನ್ನು ವೈದ್ಯೆಯು ಆಕೆಗೆ ಮೊದಲೇ ತಿಳಿಸಿದ್ದರು.

ಐದು ತಿಂಗಳಲ್ಲಿ ಹನ್ನೊಂದರಲ್ಲಿ ಒಂಬತ್ತು ಕಲೆಗಳು ಮಾಸಿದವು. 2022ರ ಚಳಿಗಾಲದಲ್ಲಿ ತೊಡೆಯ ಮೇಲೆ ನಾಣ್ಯದಗಲದ ಒಂದು ಮರಳಿ ಮೂಡಿತು. ಅವರು ಮುಲಾಮಿನ ಪೆಟ್ಟಿಗೆಗೆ ಕೈಹಾಕದೆ, ಪಂಚಾಂಗದ ಅಂಚಿನಲ್ಲಿ ತಾರೀಖನ್ನೂ ಅಳತೆಯನ್ನೂ ಗುರುತುಹಾಕಿಕೊಂಡು, ಮರುದಿನ ಬೆಳಗಿನ ಬಸ್ಸಿಗೆ ಹೊರಟರು.