ರಂಗದ ದನಿಯೂ ನೆಲದ ಮೊರೆತವೂ

ಕಾವ್ಯವನ್ನು ದೃಶ್ಯವೆಂದೂ ಶ್ರವ್ಯವೆಂದೂ ನಮ್ಮ ಪೂರ್ವಾಚಾರ್ಯರು ವಿಂಗಡಿಸಿದರು. ನಾಟಕವು ದೃಶ್ಯಕಾವ್ಯವೆಂಬುದು ಶಾಸ್ತ್ರಸಮ್ಮತವೇ ಸರಿ. ಆದರೆ ಬಯಲಿನಲ್ಲಿ ಚಾಪೆ ಹಾಸಿ ಕುಳಿತು ನೋಡುವ ನಮ್ಮ ಹಳ್ಳಿಯ ಪ್ರೇಕ್ಷಕರಿಗೆ ಅದು ಮೊದಲು ಶ್ರವ್ಯವೇ. ಕೊನೆಯ ಸಾಲಿನ ಅಜ್ಜಿಗೆ ಪಾತ್ರಧಾರಿಯ ಮುಖ ಕಾಣದು. ಮಾತು ಕೇಳಿಸಿದರೆ ಕಥೆ ಸಾಗುತ್ತದೆ, ಕೇಳಿಸದಿದ್ದರೆ ಆಕೆ ಮೊಮ್ಮಗುವನ್ನು ಎತ್ತಿಕೊಂಡು ಮನೆಗೆ ಹೊರಡುತ್ತಾಳೆ.

ಶಬ್ದವು ನಾಭಿಮೂಲದಿಂದ ಗಾಳಿಯ ನೆರವಿನಿಂದ ಕಹಳೆಯ ರೀತಿಯಲ್ಲಿ ಹೊಮ್ಮುತ್ತದೆಂದು 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿವರಿಸಿದ್ದಾನೆ. 1884ರಲ್ಲಿ ಗುಬ್ಬಿಯ ನಾಟಕ ಕಂಪನಿ ಹುಟ್ಟಿದಾಗ ನಟರಿಗೆ ಆ ನಾಭಿಮೂಲದ ದನಿಯೊಂದೇ ಆಧಾರ. ಧ್ವನಿವರ್ಧಕವೆಂಬುದು ಆಗಿನ್ನೂ ಬಂದಿರಲಿಲ್ಲ. ಇಂದು ಕಹಳೆಯು ಕಂಬವನ್ನೇರಿದೆ. ದನಿ ದೂರ ಹೋಗುತ್ತದೆ. ಅದರ ಜೊತೆಗೆ ಬೇಡದ ಇನ್ನೊಂದು ದನಿಯೂ ಹೋಗುತ್ತದೆ. ಆ ಎರಡನೆಯ ದನಿಯ ಕುರಿತು ನಾಲ್ಕು ಮಾತು ಬರೆಯುವುದು ಈ ಲೇಖನದ ಉದ್ದೇಶ.

ಕನ್ನಡ ಪಂಡಿತನಿಗೆ ವಿದ್ಯುತ್ತಿನ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಶಾಲೆಯಲ್ಲಿ ನಾಟಕವನ್ನು ಪಂಡಿತರೇ ಆಡಿಸಬೇಕೆಂಬುದು ನಮ್ಮ ಸೀಮೆಯ ಅಲಿಖಿತ ನಿಯಮ. ಹಾಗೆ ಆಡಿಸುತ್ತ ಬಂದ ನನಗೆ ದಂಡೋತಿಯಲ್ಲಿ ಈ ಮೊರೆತದ ಪರಿಚಯ ಚೆನ್ನಾಗಿ ಆಯಿತು. ಕಾಗಿಣಾ ನದಿಯ ತೀರದ ಊರು ಅದು. ಅದೇ ನದಿಯ ದಡದ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿತ್ತೆಂಬುದನ್ನು ನೆನೆದರೆ, ಕನ್ನಡದ ಮಾತು ಸ್ಪಷ್ಟವಾಗಿ ಕೇಳಬೇಕಾದ ಸ್ಥಳವೆಂದು ಬೇರೆ ಹೇಳಬೇಕಿಲ್ಲ. ನಾಟಕದ ಹಿಂದಿನ ಸಂಜೆ ಧ್ವನಿಯಂತ್ರವನ್ನು ಜೋಡಿಸಿ ಗುಂಡಿ ತಿರುಗಿಸಿದೊಡನೆ ಜೇನುಹುಟ್ಟಿಗೆ ಕೈಯಿಟ್ಟಂತೆ ಗುಂಯ್ ಎಂಬ ಮೊರೆತ ಎದ್ದಿತು. ಮೆಲುದನಿಯ ಸಂಭಾಷಣೆಯೆಲ್ಲ ಅದರಲ್ಲಿ ಮುಳುಗಿಹೋಯಿತು. ಇಂಗ್ಲಿಷಿನವರು ಇದಕ್ಕೆ ‘ಹಮ್’ ಎನ್ನುತ್ತಾರೆ. ನಮ್ಮ ‘ಹಮ್ಮು’ ಎಂಬ ಪದಕ್ಕೂ ಅದಕ್ಕೂ ವ್ಯುತ್ಪತ್ತಿಯ ಸಂಬಂಧವಿಲ್ಲ. ಸ್ವಭಾವದ ಸಂಬಂಧ ಮಾತ್ರ ಉಂಟು. ಎರಡೂ ಪರರ ಮಾತನ್ನು ಕೇಳಗೊಡುವುದಿಲ್ಲ.

ಧ್ವನಿಯಂತ್ರ ತಂದಿದ್ದ ತರುಣನು ಒಡನೆ ಇಕ್ಕಳ ತೆಗೆದು ಪ್ಲಗ್ಗಿನ ಮೇಲಿನ ದಪ್ಪ ಕಡ್ಡಿಯನ್ನು ಮುರಿಯಲು ಹೊರಟನು. ಹಾಗೆ ಮಾಡಿದರೆ ಮೊರೆತ ಎಷ್ಟೋ ವೇಳೆ ನಿಲ್ಲುವುದು ದಿಟ. ನಾನು ಅವನ ಕೈ ಹಿಡಿದೆನು. ಆ ಕಡ್ಡಿ ಭೂಸಂಪರ್ಕದ್ದು. ಯಂತ್ರದೊಳಗೆ ಎಲ್ಲಿಯಾದರೂ ತಂತಿಯ ಹೊದಿಕೆ ಸವೆದು ವಿದ್ಯುತ್ತು ಲೋಹದ ಕವಚಕ್ಕೆ ತಾಗಿದರೆ, ಅದು ಈ ಕಡ್ಡಿಯ ಮಾರ್ಗವಾಗಿ ಹರಿದು ಫ್ಯೂಸು ಸುಟ್ಟು ಯಂತ್ರ ನಿಲ್ಲುತ್ತದೆ. ಕಡ್ಡಿಯಿಲ್ಲದಿದ್ದರೆ ಅದೇ ವಿದ್ಯುತ್ತು ಮೈಕಿನ ತಂತಿಯ ಹೊರಬಲೆಯ ಮೂಲಕ ಮೈಕಿನವರೆಗೂ ಬರುತ್ತದೆ. ಅಲ್ಲಿ ನಿಂತವರು ಯಾರು? ಬರಿಗಾಲಿನ ಬಾಲಕ, ಕಾಲ ಕೆಳಗೆ ಧೂಳಡಗಲೆಂದು ನೀರು ಚಿಮುಕಿಸಿದ ಶಹಾಬಾದು ಹಾಸುಗಲ್ಲು, ಕೈಯಲ್ಲಿ ಲೋಹದ ಮೈಕು. 1972ರಲ್ಲಿ ವೇಲ್ಸಿನ ಸ್ವಾನ್ಸಿ ನಗರದಲ್ಲಿ ಲೆಸ್ಲಿ ಹಾರ್ವೆ ಎಂಬ ಗಿಟಾರ್ ವಾದಕನು ಭೂಸಂಪರ್ಕ ಸರಿಯಿಲ್ಲದ ಮೈಕನ್ನು ಮುಟ್ಟಿ ವೇದಿಕೆಯ ಮೇಲೆಯೇ ಪ್ರಾಣಬಿಟ್ಟನು. ಮೊರೆತವನ್ನು ಅಡಗಿಸಲು ಒಂದು ಪ್ರಾಣವನ್ನು ಪಣಕ್ಕಿಡುವುದು ಯಾವ ರಂಗಧರ್ಮ?

ಹಾಗಾದರೆ ಉಪಾಯವೇನು? ಪಾಠಶಾಲೆಯಲ್ಲಿ ನಾವು ಕಲಿತ ತರ್ಕಶಾಸ್ತ್ರದ ಅನ್ವಯ–ವ್ಯತಿರೇಕವೇ ಇಲ್ಲಿ ದಾರಿದೀಪವಾಯಿತು. ಯಾವುದಿದ್ದರೆ ಕಾರ್ಯವಿರುವುದೋ, ಯಾವುದಿಲ್ಲದಿದ್ದರೆ ಕಾರ್ಯವಿಲ್ಲವೋ, ಅದೇ ಕಾರಣ. ಮೊದಲು ಮಿಕ್ಸರಿನ ಮುಖ್ಯ ಗುಂಡಿಯನ್ನು ಪೂರ್ತಿ ಇಳಿಸಿದೆವು; ಮೊರೆತ ಅಡಗಿತು. ಅಂದರೆ ದೋಷವು ಆಂಪ್ಲಿಫೈಯರಿನಲ್ಲಿಲ್ಲ, ಅದಕ್ಕೂ ಹಿಂದಿದೆ. ಬಳಿಕ ಗುಂಡಿಯನ್ನು ಮತ್ತೆ ಏರಿಸಿ, ಒಂದೊಂದೇ ಮೈಕಿನ ಎಳೆಯನ್ನು ಕಳಚಿ ನೋಡಿದೆವು; ಭೇದವಿಲ್ಲ. ಕೊನೆಗೆ ಹಿನ್ನೆಲೆ ಸಂಗೀತಕ್ಕಾಗಿ ರಂಗದ ಬದಿಯಲ್ಲಿಟ್ಟಿದ್ದ ಲ್ಯಾಪ್‌ಟಾಪಿನ ಚಾರ್ಜರನ್ನು ತೆಗೆದೊಡನೆ ಮೌನ; ಮರಳಿ ಚುಚ್ಚಿದೊಡನೆ ಮೊರೆತ.

ಕಾರಣವೂ ತಿಳಿಯಿತು. ಲ್ಯಾಪ್‌ಟಾಪಿಗೆ ಶಾಲೆಯ ಕೋಣೆಯಿಂದ ವಿದ್ಯುತ್ತು. ಪ್ರೇಕ್ಷಕರ ಹಿಂದಿದ್ದ ಮಿಕ್ಸರಿಗೆ ಪಕ್ಕದ ಕಟ್ಟಡದಿಂದ. ಎರಡು ಕಟ್ಟಡ, ಎರಡು ಭೂಸಂಪರ್ಕದ ಗುಂಡಿ. ಬಂಡೆಗಲ್ಲಿನ ನಮ್ಮ ನೆಲ ಬೇಸಿಗೆಯಲ್ಲಿ ಒಣಗಿದರೆ ವಿದ್ಯುತ್ತನ್ನು ಸುಲಭವಾಗಿ ಒಯ್ಯದು. ಆದಕಾರಣ ಎರಡು ಗುಂಡಿಗಳ ಮಟ್ಟ ಒಂದೇ ಆಗಿ ಉಳಿಯದು. ಆ ವ್ಯತ್ಯಾಸದಿಂದ ಸಂಗೀತದ ತಂತಿಯ ಹೊರಬಲೆಯಲ್ಲಿಯೇ ಸಣ್ಣ ಪ್ರವಾಹ ಸುತ್ತತೊಡಗುತ್ತದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಸಲ ಆಂದೋಲಿಸುವುದರಿಂದ 50, 100 ಆವರ್ತಗಳ ಮಂದ್ರದನಿ ಕಹಳೆಯಲ್ಲಿ ಮೊಳಗುತ್ತದೆ.

ಪರಿಹಾರ ಸರಳ. ಮಿಕ್ಸರಿನ ಹಲಗೆಯಿಂದಲೇ ಮೂರೆಳೆಯ ದಪ್ಪ ತಂತಿ ಎಳೆದು ಲ್ಯಾಪ್‌ಟಾಪಿಗೂ ಅಲ್ಲಿಂದಲೇ ವಿದ್ಯುತ್ತು ಕೊಟ್ಟೆವು. ಎರಡು ನೆಲ ಒಂದಾದೊಡನೆ ಮೊರೆತ ಹೋಯಿತು, ಕಡ್ಡಿ ಉಳಿಯಿತು. ಹಾಗೆ ಎಳೆಯಲಾಗದ ಕಡೆ, ಸಂಗೀತದ ತಂತಿಯ ನಡುವೆ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರಿನ ಪುಟ್ಟ ಪೆಟ್ಟಿಗೆಯನ್ನಿಡಬೇಕು. ಅದು ದನಿಯನ್ನು ಅಯಸ್ಕಾಂತದ ಬಲದಿಂದ ದಾಟಿಸುತ್ತದೆ, ನೆಲದ ಪ್ರವಾಹವನ್ನು ದಾಟಿಸದು. ದೀಪದ ತಂತಿಗಳನ್ನು ಮೈಕಿನ ತಂತಿಗಳ ಜೊತೆಗೆ ಸಾಲಾಗಿ ಹಾಯಿಸಬಾರದು. ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಬೇಕು.

ಮರುದಿನ ರಾತ್ರಿ ನಾಟಕದ ಶೋಕಪ್ರಸಂಗದಲ್ಲಿ ತಾಯಿಯ ಪಾತ್ರದ ಬಾಲಕಿಯ ಪಿಸುಮಾತು ಹಿಂದಿನ ಸಾಲಿಗೂ ಮುಟ್ಟಿತು. ಅಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದವರನ್ನು ನಾನೇ ಕಂಡೆನು.

ಶಾಲಾ ಸಮಾರಂಭಗಳನ್ನು ನಡೆಸುವ ಸಹೋದ್ಯೋಗಿಗಳಲ್ಲಿ ನನ್ನ ಅರಿಕೆ ಇಷ್ಟು. ಭೂಸಂಪರ್ಕದ ಗುಂಡಿಗೆ ಬೇಸಿಗೆಯಲ್ಲಿ ನೀರೆರೆಯಿರಿ. ಸಮಾರಂಭಕ್ಕೆ ಮೊದಲು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರಿಂದ ಅದನ್ನು ಅಳೆಯಿಸಿರಿ. 30 ಮಿಲಿಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ಇ.ಎಲ್.ಸಿ.ಬಿ.ಯನ್ನು ರಂಗದ ಹಲಗೆಗೆ ಹಾಕಿಸಿರಿ. ಮುರಿದ ಕಡ್ಡಿಯ ಪ್ಲಗ್ಗು ಕಂಡರೆ ಆ ಯಂತ್ರವನ್ನು ರಂಗಕ್ಕೆ ಏರಿಸಬೇಡಿರಿ; ನಾಟಕ ಅರ್ಧ ಗಂಟೆ ತಡವಾದರೂ ಚಿಂತೆಯಿಲ್ಲ. ಮಕ್ಕಳನ್ನು ನಮ್ಮ ಕೈಗೊಪ್ಪಿಸಿದ ತಂದೆತಾಯಿಗಳು ಅಷ್ಟು ಹೊತ್ತು ಸಂತೋಷದಿಂದಲೇ ಕಾಯುವರು.