ಬಲ್ಬ್ ಹಾಕಿದ್ದೆ ಎಂದೆ

ಹಳೆಯ ರೇಡಿಯೊಗಳ ಮೇಳದಲ್ಲಿ ಬೆಲೆ ಕೇಳುವ ಮೊದಲು ಕೇಳಬೇಕಾದದ್ದು ಇನ್ನೊಂದಿದೆ: ಇದಕ್ಕೆ ಕೊನೆಯ ಸಲ ಕರೆಂಟು ಕೊಟ್ಟದ್ದು ಯಾವಾಗ? ವರ್ಷಗಟ್ಟಲೆ ಅಟ್ಟದ ಮೇಲಿದ್ದ ವಾಲ್ವ್ ರೇಡಿಯೊ ಹೊರಗೆ ಎಷ್ಟೇ ಲಕ್ಷಣವಾಗಿರಲಿ, ಒಳಗೆ ಕಾಗದದ ಕಂಡೆನ್ಸರ್‌ಗಳು ತೇವ ಹೀರಿಕೊಂಡಿರುತ್ತವೆ, ಫಿಲ್ಟರ್ ಕಂಡೆನ್ಸರ್‌ಗಳು ಒಣಗಿರುತ್ತವೆ. ಬಲ್ಲವರು ಅಂಥ ಸೆಟ್ಟನ್ನು ಸೀದಾ ಪ್ಲಗ್ಗಿಗೆ ಸಿಕ್ಕಿಸುವುದಿಲ್ಲ. ನಡುವೆ ಒಂದು ಬಲ್ಬನ್ನು ಸೀರೀಸ್‌ನಲ್ಲಿ ಜೋಡಿಸುತ್ತಾರೆ. ಒಳಗೆಲ್ಲೋ ಕರೆಂಟು ಅತಿಯಾಗಿ ಹರಿದರೆ ಬಲ್ಬ್ ಜೋರಾಗಿ ಉರಿದು ಆ ಹೊರೆಯನ್ನು ತಾನು ಹೊರುತ್ತದೆ, ಸೆಟ್ಟು ಉಳಿಯುತ್ತದೆ. ತಂತಿಯ ಬಲ್ಬೇ ಆಗಬೇಕು, ಎಲ್‌ಇಡಿ ನಡೆಯದು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದನ್ನು, ಅದಕ್ಕಿಂತ ಹೆಚ್ಚಾಗಿ ಆಮೇಲೆ ಆಡಿದ್ದನ್ನು, ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಸಂಗ್ರಾಹಕರೇ ಸೇರಿ ನಡೆಸಿದ ಮೇಳ ಅದು. ಉದ್ದನೆಯ ಮೇಜುಗಳ ಮೇಲೆ ಮರ್ಫಿ, ಬುಷ್, ಫಿಲಿಪ್ಸ್, ಟೆಲಿಫಂಕನ್. ಒಬ್ಬರು ಹಳೆಯ ಲೈಸೆನ್ಸ್ ಪುಸ್ತಕಗಳನ್ನು ಹರಡಿಕೊಂಡು ಕೂತಿದ್ದರು. ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟುವ ಪದ್ಧತಿ 1980ರ ದಶಕದವರೆಗೂ ಇತ್ತು. ಇನ್ನೊಂದು ಮೇಜಿನ ಸುತ್ತ ಮೈಸೂರಿನ ಮಾತು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಶುರುಮಾಡಿದ್ದನ್ನು ಒಬ್ಬ ಹಿರಿಯರು ತಮ್ಮ ಮನೆಯ ಸುದ್ದಿ ಎಂಬಂತೆ ಹೇಳುತ್ತಿದ್ದರು. ಆ ಹುರುಪು ನನಗೂ ಹತ್ತಿತು. ಬರಿಗೈಯಲ್ಲಿ ಹಿಂತಿರುಗುವುದು ಸಾಧ್ಯವೇ ಇಲ್ಲವೆನಿಸಿತು.

ಹುಬ್ಬಳ್ಳಿಯಿಂದ ಬಂದಿದ್ದ ಮೆಕ್ಯಾನಿಕ್ ಒಬ್ಬರ ಬಳಿ ಮರದ ಪೆಟ್ಟಿಗೆಯ ಸೆಟ್ಟೊಂದು ಸಿಕ್ಕಿತು. ಔಟ್‌ಪುಟ್‌ಗೆ ಇಎಲ್ 84 ವಾಲ್ವ್, ಮೂಲದ ಸ್ಪೀಕರ್, ಡಯಲ್ ಗಾಜಿನ ಮೇಲೆ ಒಂದು ಗೀರೂ ಇಲ್ಲ. ಹಣ ಎಣಿಸಿಕೊಳ್ಳುವ ಮೊದಲೇ ಅವರು ಹೇಳಿದರು: “ಸರ, ಸೀದಾ ಕರೆಂಟಿಗೆ ಹಚ್ಚಬ್ಯಾಡ್ರಿ. ನಡುವ ಒಂದ್ 60 ವ್ಯಾಟಿನ ಬಲ್ಬ್ ಹಾಕ್ರಿ. ಕಪ್ಲಿಂಗ್ ಕಂಡೆನ್ಸರ್ ನಾ ಬದಲಿ ಮಾಡಿಲ್ಲ. ಅದನ್ನ ಬದಲಿ ಮಾಡೂತನಕ ಹಾಡ ಕೇಳೂ ಆಸೆ ಬ್ಯಾಡ.”

ಮನೆಗೆ ದೊಡ್ಡಪ್ಪ ಬಂದಿದ್ದರು, ಮರುದಿನ ಊರಿಗೆ ಹೊರಡುವವರು. ಅವರಿಗೆ ಕೇಳಿಸಬೇಕು. ಸೀದಾ ಪ್ಲಗ್ಗಿಗೆ ಹಾಕಿದೆ. ವಾಲ್ವ್‌ಗಳು ಕಾಯುವಷ್ಟು ಹೊತ್ತು ಸುಮ್ಮನಿದ್ದ ಸೆಟ್ಟು ಗೊರಗುಟ್ಟಿ ಎದ್ದಿತು. ಹಳೆಯ ಡಯಲ್‌ನ ಲೆಕ್ಕ ಮೀಟರ್‌ಗಳಲ್ಲಿ. 612 ಕಿಲೋಹರ್ಟ್ಜ್‌ನ ಬೆಂಗಳೂರು ಆಕಾಶವಾಣಿ 490ರ ಆಸುಪಾಸಿನಲ್ಲಿ ಸಿಕ್ಕಿತು. ಹಾಡುಗಾರಿಕೆ ಬರುತ್ತಿತ್ತು. ದೊಡ್ಡಪ್ಪ ಕುರ್ಚಿ ಹತ್ತಿರ ಎಳೆದುಕೊಂಡರು. ಸ್ವಲ್ಪ ಹೊತ್ತಿಗೆ, “ದನಿ ಒಡೀತಿದೆ ಕಣೋ, ಆರಿಸಿಬಿಡು” ಎಂದರು. “ಹಳೇ ರೇಡಿಯೊ ಹಾಗೇ ದೊಡ್ಡಪ್ಪ” ಎಂದು ನಾನು ವಾಲ್ಯೂಮ್ ಏರಿಸಿದೆ.

ಆ ಒಡಕು ದನಿಯೇ ಎಚ್ಚರಿಕೆಯಾಗಿತ್ತು. ಕಪ್ಲಿಂಗ್ ಕಂಡೆನ್ಸರ್‌ನ ಕೆಲಸ ಹಿಂದಿನ ವಾಲ್ವ್‌ನಿಂದ ಬರುವ ಹಾಡಿನ ಅಲೆಯನ್ನಷ್ಟೇ ಬಿಟ್ಟು, ಅಲ್ಲಿನ ಹೆಚ್ಚಿನ ಡಿಸಿ ವೋಲ್ಟೇಜನ್ನು ತಡೆಯುವುದು. ಅದು ಸೋರಿದರೆ ಇಎಲ್ 84ರ ಗ್ರಿಡ್ಡಿಗೆ ಸಲ್ಲದ ವೋಲ್ಟೇಜ್ ಏರುತ್ತದೆ, ವಾಲ್ವ್ ಮಿತಿಮೀರಿ ಕರೆಂಟು ಎಳೆಯುತ್ತದೆ. ಅದರ ಆನೋಡ್ ತಾಳುವುದು 12 ವ್ಯಾಟಿನಷ್ಟೇ. ಹಿಂಬದಿಯ ರಟ್ಟಿನ ತೂತುಗಳಲ್ಲಿ ಇಣುಕಿದ್ದರೆ ಗಾಜಿನೊಳಗೆ ಲೋಹದ ತಗಡು ಕೆಂಪಗಾಗುತ್ತಿದ್ದುದು ಕಾಣುತ್ತಿತ್ತು. ಆ ಕರೆಂಟೆಲ್ಲ ಹಾಯುವುದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಕೂದಲೆಳೆಯಂಥ ತಂತಿಯ ಮೂಲಕ. ವಾರ್ನಿಷ್ ಸುಟ್ಟ ವಾಸನೆ ಬರುವ ಹೊತ್ತಿಗೆ ಹಾಡು ನಿಂತಿತ್ತು.

ಸೆಟ್ಟನ್ನು ಹೊತ್ತುಕೊಂಡು ರೈಲಿನಲ್ಲಿ ಹುಬ್ಬಳ್ಳಿಗೆ ಹೋದೆ. ಅವರು ಹಿಂಬದಿ ಬಿಚ್ಚಿ, ಮೂಸಿ ನೋಡಿ, “ಬಲ್ಬ್ ಹಾಕಿದ್ರೇನ್ರಿ?” ಎಂದರು. ಹಾಕಿದ್ದೆ ಎಂದೆ.

ಯಾಕೆ ಹಾಗೆಂದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವರೇನೂ ಗದರುವವರಲ್ಲ. ಸೆಟ್ಟು ಕೊಳ್ಳುವಾಗ ತಿಳಿದವನಂತೆ ವಾಲ್ವ್‌ಗಳ ನಂಬರು ಹೇಳಿ ಮಾತಾಡಿದ್ದೆ. ಆ ತಿಳಿದವನ ಮುಖವನ್ನು ಅವರ ಮುಂದೆ ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ಅಷ್ಟಕ್ಕೇ ಸುಳ್ಳು ಹೇಳಿದೆ.

ಅವರು ನಂಬಿದರು. ನಂಬಿದ್ದರಿಂದಲೇ ಲೆಕ್ಕ ತಪ್ಪಿದರು. ಬಲ್ಬ್ ಇದ್ದೂ ಸುಟ್ಟಿದೆ ಎಂದರೆ ತಂತಿ ಮೊದಲೇ ಕೆಟ್ಟಿರಬೇಕು. “ನಾ ನೋಡೇ ಕೊಡಬೇಕಿತ್ರಿ. ತಪ್ಪು ನಂದ ಐತಿ.” ಕಪಾಟಿನ ಮೇಲೆ ಅವರು ದಿನಾ ಧಾರವಾಡ ಆಕಾಶವಾಣಿ ಕೇಳುತ್ತಿದ್ದ ಸ್ವಂತ ಸೆಟ್ಟಿತ್ತು. ಅದನ್ನು ಇಳಿಸಿ, ಅದರ ಟ್ರಾನ್ಸ್‌ಫಾರ್ಮರ್ ಬಿಚ್ಚಿ ನನ್ನದಕ್ಕೆ ಕೂರಿಸಿದರು. ಸೋಲ್ಡರಿಂಗ್ ಐರನ್ ಕಾಯುವವರೆಗೆ ಸಮಯವಿತ್ತು, ನಿಜ ಹೇಳಬಹುದಿತ್ತು. ನಾನು ಮಳೆಯ ಬಗ್ಗೆ ಮಾತಾಡಿದೆ. ಹೊಸ ಕಂಡೆನ್ಸರ್ ಹಾಕಿ ಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ.

ಮನೆಯಲ್ಲಿ ಆ ರೇಡಿಯೊ ಚೆನ್ನಾಗಿ ಹಾಡಿತು. ನನಗೆ ಕೇಳಲಾಗಲಿಲ್ಲ. ಸುಟ್ಟ ಟ್ರಾನ್ಸ್‌ಫಾರ್ಮರ್ ನನ್ನ ಬಳಿಯೇ ಇತ್ತು. ಅದನ್ನು ಮತ್ತೆ ಸುತ್ತಿಸಲು ಅಲೆದೆ. ಮೋಟರ್ ಸುತ್ತುವವರು ಅಷ್ಟು ಸಣ್ಣ ತಂತಿಯನ್ನು ಮುಟ್ಟುವುದಿಲ್ಲ. ಕೊನೆಗೆ ಸಿಕ್ಕವರು ಹಳೆಯ ತಂತಿಯನ್ನು ಬಿಚ್ಚುತ್ತಾ, ಸುತ್ತು ಎಣಿಸುತ್ತಾ, ಅಷ್ಟೇ ಸುತ್ತು ಹೊಸದಾಗಿ ಹಾಕಿದರು. ಸಾವಿರಾರು ಸುತ್ತು. ಅದನ್ನು ತೆಗೆದುಕೊಂಡು ಮತ್ತೆ ಹುಬ್ಬಳ್ಳಿಗೆ ಹೋಗಿ ಎಲ್ಲವನ್ನೂ ಹೇಳಿದೆ.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಹೇಳಿದ್ದು ಬೇರೆ. “ಆ ಮ್ಯಾಳದಾಗ ಇನ್ನೂ ಮೂರ್ನಾಕ ಮಂದಿಗೆ ಸೆಟ್ ಕೊಟ್ಟಿದ್ನೆರಿ. ನಿಮ್ಮದು ಸುಟ್ಟ ಮ್ಯಾಲೆ ಎಲ್ಲಾರಿಗೂ ಫೋನ್ ಮಾಡಿ, ವಾಪಸ್ ತರಿಸ್ಕೊಂಡು ನೋಡಿದೆ. ಒಂದರಾಗೂ ಏನೂ ಇರಲಿಲ್ಲ. ಇಷ್ಟ ವರ್ಷ ಕೆಲಸ ಮಾಡಿದ ಕೈ ಯಾಕ್ ತಪ್ಪಿತು ಅಂತ ಗೊತ್ತ ಆಗಲಿಲ್ಲ ನನಗ.”

ಆ ಮನುಷ್ಯನಿಗೆ ತನ್ನ ಕೈಯ ಮೇಲೇ ಅನುಮಾನ ಹುಟ್ಟಿಸಿದ್ದೆ. ಕ್ಷಮೆ ಕೇಳಿದೆ, “ಆತ ಬಿಡ್ರಿ” ಎಂದರು. ಟ್ರಾನ್ಸ್‌ಫಾರ್ಮರ್ ತೆಗೆದುಕೊಂಡರು.

ಈಗಲೂ ಮೇಳಗಳಲ್ಲಿ ಸಿಗುತ್ತಾರೆ, ಚಹಾ ಕುಡಿಯುತ್ತೇವೆ, ಸೆಟ್ಟುಗಳನ್ನು ಒಟ್ಟಿಗೆ ನೋಡುತ್ತೇವೆ. ನಾನು ಈ ಕಂಡೆನ್ಸರ್ ಪರೀಕ್ಷಿಸಿದ್ದೇನೆ ಎಂದರೆ ತಲೆಯಾಡಿಸುತ್ತಾರೆ, ಆಮೇಲೆ ತಾವೂ ಒಮ್ಮೆ ಮೀಟರ್ ಹಿಡಿದು ನೋಡುತ್ತಾರೆ. ಮೊದಲು ನೋಡುತ್ತಿರಲಿಲ್ಲ.